ಪರದೆಯ ಕೆಳಗಿನ ಕಾಲು

ದೊಡ್ಡವಳದು ಸ್ಯಾಂಪಲ್ ಕಾಲು. ಶೂ ಫ್ಯಾಕ್ಟರಿಯಲ್ಲಿ ಅದೊಂದು ದೊಡ್ಡ ಮಾತು. ಹೆಂಗಸರ ಶೂ ಯಾವ ಮಾದರಿಯದೇ ಬರಲಿ, ಮೊದಲ ಜೋಡಿಯನ್ನು ಒಂದೇ ಒಂದು ಅಳತೆಗೆ ಹೊಲಿಯುತ್ತಾರೆ. ಆ ಅಳತೆಗೆ ಎಳ್ಳಷ್ಟೂ ಹೆಚ್ಚುಕಮ್ಮಿಯಿಲ್ಲದೆ ಕೂರುವ ಕಾಲು ಇಡೀ ಲೈನಿನಲ್ಲಿ ಕೆಲವರದು ಮಾತ್ರ. ಅವರಲ್ಲೂ ಇವಳದೇ ಮೇಲು ಎಂದು ಸೂಪರ್‌ವೈಸರ್ ಹೇಳುತ್ತಿದ್ದ. ಆಗಾಗ ಬಂದು "ಸ್ಯಾಂಪಲ್, ಬಾಮ್ಮ" ಅನ್ನುತ್ತಿದ್ದ. ಇವಳು ಹೋಗಿ ಹೊಸ ಶೂ ಹಾಕಿ, ನಾಲ್ಕು ಹೆಜ್ಜೆ ನಡೆದು, ಬಿಚ್ಚಿಟ್ಟು, ತನ್ನ ಹರಕು ಚಪ್ಪಲಿ ಮೆಟ್ಟಿಕೊಂಡು ವಾಪಸ್ಸಾಗುತ್ತಿದ್ದಳು.

ಮಿಕ್ಕ ಹೊತ್ತೆಲ್ಲ ಸೋಲಿಗೆ, ಅಂದರೆ ಶೂವಿನ ಅಟ್ಟೆಗೆ, ಅಂಟು ಹಚ್ಚುವ ಕೆಲಸ. ನಿಂತೇ ಮಾಡಬೇಕು. ಕೂತರೆ ಕೈ ನಿಧಾನವಾಗುತ್ತದೆ ಎಂದು ಲೈನಿನಲ್ಲಿ ಒಂದು ಸ್ಟೂಲನ್ನೂ ಇಟ್ಟಿರಲಿಲ್ಲ. ಬೆಲ್ಟು ಓಡುತ್ತಿರುತ್ತದೆ. ಸೋಲು ಬರುತ್ತದೆ. ಬ್ರಷ್ಷು ಅದ್ದು, ಎಳೆ, ಮುಂದಕ್ಕೆ ತಳ್ಳು. ಮೂಗು ಉರಿಯುತ್ತದೆ. ಮೊದಲು ಹಿಮ್ಮಡಿ ನೋಯುತ್ತದೆ, ಆಮೇಲೆ ಮೀನಖಂಡ, ಆಮೇಲೆ ಸೊಂಟ. ಸಂಜೆಯ ಹೊತ್ತಿಗೆ ಯಾವುದು ನೋಯುತ್ತಿದೆ ಎಂಬುದೇ ತಿಳಿಯುವುದಿಲ್ಲ.

ಆ ಜಾಗ ಮೊದಲು ಅವಳ ಅಮ್ಮನದಾಗಿತ್ತು. ಅಂಟಿನ ಹೊಗೆ ಕುಡಿದು ಕುಡಿದು ಅಮ್ಮನ ಎದೆ ಕೆಟ್ಟಿತು. ಆಗ ಅಮ್ಮ ಹೆಣ್ಣುಮಕ್ಕಳಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ತೀರ್ಮಾನ ಹೇಳಿದಳು. ದೊಡ್ಡವಳು ನನ್ನ ಜಾಗಕ್ಕೆ ಹೋಗಲಿ, ಚಿಕ್ಕವಳು ಓದಲಿ. ಯಾರಿಗೆ ಓದಬೇಕೆಂದಿದೆ ಎಂದು ಕೇಳಲಿಲ್ಲ. ಮೊದಲು ಹುಟ್ಟಿದ ತಪ್ಪಿಗೆ ದೊಡ್ಡವಳು ಶಾಲೆ ಬಿಟ್ಟಳು.

ಚಿಕ್ಕವಳು ಓದಿದಳು. ಬೇರೆ ಏನನ್ನಾದರೂ ಓದಿದ್ದರೆ ದೊಡ್ಡವಳ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲವೋ ಏನೋ. ನರ್ಸಾಗಲಿ, ಟೀಚರಾಗಲಿ, ಕಣ್ಣಿಗೆ ಬೀಳದಷ್ಟು ದೂರ ಹೋಗಲಿ. ಇವಳು ಹೋಗಿ ಸೇರಿದ್ದು ಫ್ಯಾಷನ್ ಮತ್ತು ಶೂ ಡಿಸೈನ್ ಕಲಿಸುವ ಕಾಲೇಜಿಗೆ. ಇಬ್ಬರ ಪಾಲಿಗೂ ಅದೇ ಶೂ. ಅದರ ಅಡಿಯಲ್ಲಿ ಅಕ್ಕ, ಅದರ ಮೇಲೆ ತಂಗಿ.

ಮನೆ ಎಂದರೆ ಒಂದು ಕೋಣೆ, ಒಂದು ಕಿಟಕಿ. ಕಿಟಕಿಯ ಬೆಳಕು ಬೀಳುವ ಜಾಗ ಚಿಕ್ಕವಳದಾಯಿತು, ಚಿತ್ರ ಬರೆಯಬೇಕಲ್ಲ. ಅನ್ನ ಮೊದಲು ಬೀಳುತ್ತಿದ್ದುದು ಚಿಕ್ಕವಳ ತಟ್ಟೆಗೆ, ಕಾಲೇಜಿಗೆ ಹೊತ್ತಾಗುತ್ತದಲ್ಲ. ಅವಳ ಬೆರಳುಗಳ ನಡುವೆ ಬಣ್ಣದ ಪೆನ್ಸಿಲ್. ದೊಡ್ಡವಳ ಬೆರಳ ತುದಿಯ ಗೆರೆಗಳು ಅಂಟಿನಲ್ಲಿ ಕರಗಿಹೋಗಿದ್ದವು. ಹಾಜರಿಯ ಯಂತ್ರ ಅವಳ ಹೆಬ್ಬೆರಳನ್ನು ಗುರುತು ಹಿಡಿಯದೆ ದಿನಾ ಕೆಂಪು ದೀಪ ತೋರಿಸುತ್ತಿತ್ತು. ಚಿಕ್ಕವಳು ಗೆಳತಿಯರ ಜೊತೆ ಫೋನಿನಲ್ಲಿ ಮಾತಾಡುವಾಗ ದನಿಯೇ ಬೇರೆ, ನಗುವೇ ಬೇರೆ. ಆ ನಗು ಕೇಳಿದರೆ ದೊಡ್ಡವಳಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

ಅವಳು ಸಣ್ಣಪುಟ್ಟದರಲ್ಲಿ ಸೇಡು ತೀರಿಸಿಕೊಳ್ಳುತ್ತಿದ್ದಳು. ನೆಲದ ಮೇಲೆ ಹರಡಿದ ಚಿತ್ರವನ್ನು ನೋಡದವಳ ಹಾಗೆ ತುಳಿದು ದಾಟುತ್ತಿದ್ದಳು. ತಂಗಿಯ ಬಿಳಿ ಅಂಗಿಯನ್ನು ತನ್ನ ಅಂಟು ಮೆತ್ತಿದ ಬಟ್ಟೆಯ ಜೊತೆಗೇ ನೆನೆಹಾಕುತ್ತಿದ್ದಳು. ಆಮೇಲೆ ತಾನೇ ಕೂತು ಉಜ್ಜಿ ಉಜ್ಜಿ ಬೆಳ್ಳಗೆ ಮಾಡುತ್ತಿದ್ದಳು. ತಲೆ ಬಾಚುವಾಗ ಬೇಕೆಂದೇ ಜಗ್ಗಿ ಎಳೆಯುತ್ತಿದ್ದಳು. ಚಿಕ್ಕವಳು "ಅಕ್ಕಾ, ನೋವು" ಅಂದರೆ ಬಾಚಣಿಗೆ ಮೆತ್ತಗಾಗುತ್ತಿತ್ತು. ಬೆಳೆಸಿದ್ದೂ ಇದೇ ಕೈ, ಏನು ಮಾಡುವುದು.

ಓದಿನ ಕೊನೆಯ ವರ್ಷ ಒಂದು ಸಂಜೆ ಚಿಕ್ಕವಳು ಬಿಸಿನೀರಿನ ಬಕೆಟ್ ತಂದು ಅಕ್ಕನ ಮುಂದಿಟ್ಟಳು. ಕಾಲು ಇಳಿಬಿಡು ಅಂದಳು. ದೊಡ್ಡವಳಿಗೆ ಅನುಮಾನವೇ ಬಂತು. ಆದರೂ ಇಳಿಬಿಟ್ಟಳು. ತಂಗಿ ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಒತ್ತಿ ಒತ್ತಿ ಕೇಳಿದಳು. ಎಲ್ಲಿ ನೋಯುತ್ತೆ? ಊತ ಯಾವಾಗ ಶುರುವಾಗುತ್ತೆ? ಈ ಬೆರಳಿನ ಉಗುರು ಎಲ್ಲಿ ಹೋಯಿತು? ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಅಮ್ಮನೂ ಕೇಳಿರಲಿಲ್ಲ. ದೊಡ್ಡವಳು ಎಲ್ಲ ಹೇಳಿಬಿಟ್ಟಳು. ಮಧ್ಯಾಹ್ನದ ಮೇಲೆ ಚಪ್ಪಲಿಯ ಪಟ್ಟಿ ಮಾಂಸದೊಳಕ್ಕೆ ಕಚ್ಚುವುದು. ಒಂದು ಕಾಲು ಸೋತರೆ ಭಾರವನ್ನು ಇನ್ನೊಂದಕ್ಕೆ ಹಾಕುವುದು. ಸೋಲು ತುಂಬಿದ ಪೆಟ್ಟಿಗೆ ಕಾಲಿನ ಮೇಲೆ ಬಿದ್ದು ಉಗುರು ಕಿತ್ತುಹೋದ ದಿನವೂ ಬಟ್ಟೆ ಸುತ್ತಿಕೊಂಡು ನಿಂತದ್ದು. ಚಿಕ್ಕವಳು ಹಳೆಯ ಪೇಪರಿನ ಮೇಲೆ ಅವಳ ಪಾದ ಇಡಿಸಿ ಸುತ್ತ ಗೆರೆ ಎಳೆದುಕೊಂಡಳು. ಅಕ್ಕನಿಗಾಗಿ ಏನೋ ಮಾಡುತ್ತಿದ್ದಾಳೆ ಎಂದು ದೊಡ್ಡವಳು ತಿಳಿದಳು. ಅಂದು ಅವಳಿಗೆ ತಂಗಿಯ ಮೇಲಿನ ಕಿಚ್ಚೆಲ್ಲ ಇಳಿದುಹೋಗಿ, ತನ್ನ ಮೇಲೆಯೇ ನಾಚಿಕೆಯಾಯಿತು.

ಕೆಲವು ತಿಂಗಳಾದ ಮೇಲೆ ಸೂಪರ್‌ವೈಸರ್ ಸ್ಯಾಂಪಲ್ ಕಾಲಿನವರನ್ನೆಲ್ಲ ಕರೆದು ನಿಲ್ಲಿಸಿದ. ಶೂ ಡಿಸೈನ್ ಕಾಲೇಜಿನಲ್ಲಿ ಕೊನೆಯ ವರ್ಷದವರ ಪ್ರದರ್ಶನವಿದೆಯಂತೆ. ಹುಡುಗಿಯರು ಮಾಡಿದ ಶೂಗಳನ್ನು ಹಾಕಿಕೊಂಡು ನಿಲ್ಲಲು ಕಾಲು ಬೇಕಂತೆ. ಮಾಲೀಕರು ಒಪ್ಪಿದ್ದಾರೆ, ಹೋಗಿ ನಿಂತು ಬನ್ನಿ, ಅಲ್ಲಿ ಯಾರೂ ಬಾಯಿ ಬಿಡಬೇಡಿ ಅಂದ.

ಅದು ತಂಗಿಯ ಕಾಲೇಜು. ದೊಡ್ಡವಳು ಮನೆಗೆ ಬಂದು ಹೇಳಿದಾಗ ಚಿಕ್ಕವಳ ಮುಖದಲ್ಲಿದ್ದ ರಕ್ತವೆಲ್ಲ ಇಳಿದುಹೋಯಿತು. ಮಲಗುವ ಮುಂಚೆ, ಗೋಡೆ ಕಡೆ ತಿರುಗಿಕೊಂಡು ಹೇಳಿದಳು.

"ಅಲ್ಲಿ ನನ್ನ ಮಾತಾಡಿಸ್ಬೇಡ ಅಕ್ಕ. ಅಂಕ ಕೊಡೋಕೆ ಹೊರಗಿನೋರು ಬರ್ತಾರೆ. ಸುಮ್ನೆ ಏನೇನೋ ಅಂದ್ಕೋತಾರೆ."

ದೊಡ್ಡವಳು ಆಯ್ತು ಅಂದಳು. ಆದರೆ ಬೆಳಗ್ಗೆ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟುಕೊಂಡೇ ಹೋದಳು. ತಂಗಿ ದಿನಾ ಹೋಗಿ ಕೂರುವ ಜಾಗ ಹೇಗಿರುತ್ತದೆಂದು ಒಮ್ಮೆ ಕಣ್ಣಾರೆ ನೋಡಬೇಕಿತ್ತು.

ಅವರನ್ನು ಪಕ್ಕದ ಸಣ್ಣ ಗೇಟಿನಿಂದ ಒಳಗೆ ಬಿಟ್ಟರು. ಹೊಲಿಗೆಯ ಹಾಲ್ ದಾಟಿ ಹೋಗಬೇಕಿತ್ತು. ಅಲ್ಲಿದ್ದುದು ಫ್ಯಾಕ್ಟರಿಯಲ್ಲಿರುವಂಥದೇ ಯಂತ್ರಗಳು. ಅದೇ ಹಸಿರು ಬಣ್ಣ, ಅದೇ ಎಣ್ಣೆಯ ವಾಸನೆ. ಆದರೆ ಒಂದೊಂದು ಯಂತ್ರದ ಮುಂದೂ ಒಂದೊಂದು ಸ್ಟೂಲಿತ್ತು, ಕೂರುವ ಕಡೆ ಮೆತ್ತೆ ಹಾಕಿದ ಸ್ಟೂಲು. ದೊಡ್ಡವಳು ಅದನ್ನು ಮುಟ್ಟಿ ನೋಡಿದಳು. ಕಲಿಯುವವರಿಗೆ ಕೂರಲು ಸ್ಟೂಲು. ದುಡಿಯುವವರಿಗೆ ಇಲ್ಲ.

ಆಮೇಲೆ ಅವರ ಕಾಲು ತೊಳೆದರು. ತೊಳೆಯಲು ಬಂದ ಹುಡುಗಿಯರು ಕೈಗವಸು ಹಾಕಿಕೊಂಡಿದ್ದರು. ಹಿಮ್ಮಡಿಯ ಬಿರುಕನ್ನು ಉಜ್ಜುಕಾಗದದಿಂದ ತಿಕ್ಕಿದರು. ಒಬ್ಬಳು ದೊಡ್ಡವಳ ಉಗುರಿಲ್ಲದ ಬೆರಳು ನೋಡಿ ಮೂಗು ಮುರಿದು, ಇದು ಯಾಕೆ ಹೀಗಿದೆ ಎಂದು ತನ್ನ ಗೆಳತಿಯನ್ನು ಕೇಳಿದಳು. ಗೆಳತಿ, ಕಾಲುಚೀಲ ಹಾಕಿದರೆ ಕಾಣಲ್ಲ ಬಿಡು ಅಂದಳು. ಆ ಬೆರಳಿನವಳು ಅಲ್ಲೇ, ಅವರ ಬಗ್ಗಿದ ತಲೆಗಳ ಮೇಲುಗಡೆ, ಕುರ್ಚಿಯಲ್ಲಿ ಕೂತಿದ್ದಳು.

ವಿಭಾಗದ ಮೇಡಂ ಬಂದು ಹೇಗೆ ನಿಲ್ಲಬೇಕೆಂದು ತೋರಿಸಿದರು. ಉದ್ದನೆಯ ಕಟ್ಟೆ. ಅದರ ಮುಂದೆ ಚಾವಣಿಯಿಂದ ಇಳಿಬಿಟ್ಟ ಕಪ್ಪು ಪರದೆ. ಪರದೆ ಮಂಡಿಯವರೆಗೆ ಬಂದು ನಿಲ್ಲುತ್ತದೆ. ಹೆಂಗಸರು ಅದರ ಹಿಂದೆ ಸಾಲಾಗಿ ನಿಲ್ಲಬೇಕು. ಆ ಕಡೆಯವರಿಗೆ ಮಂಡಿಯಿಂದ ಕೆಳಗೆ ಮಾತ್ರ ಕಾಣಬೇಕು. ಮುಖ ಕಂಡರೆ ನೋಡುವವರ ಗಮನ ಶೂ ಬಿಟ್ಟು ಅತ್ತ ಹೋಗುತ್ತದಂತೆ. ಕೂರುವಂತಿಲ್ಲ, ಕೂತರೆ ಕಾಲಿನ ಆಕಾರ ಕೆಡುತ್ತದೆ. ಕೆಮ್ಮು ಬಂದರೂ ತಡೆದುಕೊಳ್ಳಿ ಅಂದರು.

ಶೂಗಳನ್ನು ಕಾಲಿಗೆ ಹೊಂದಿಸಿ ಹಂಚಿದಾಗ ದೊಡ್ಡವಳ ಪಾಲಿಗೆ ಬಂದಿದ್ದು ಕಂದು ಬಣ್ಣದ ಲೇಸಿನ ಶೂ. ಕಾಲು ಒಳಗೆ ಹೋಗುತ್ತಲೇ ಅವಳಿಗೆ ಗೊತ್ತಾಯಿತು, ಇದು ತಂಗಿ ಮಾಡಿದ್ದು. ಉಗುರಿಲ್ಲದ ಬೆರಳಿಗೆ ತಗಲದ ಹಾಗೆ ಅಲ್ಲಿ ಮಾತ್ರ ತೊಗಲು ಮೆತ್ತಗಿತ್ತು. ಹಿಮ್ಮಡಿಯ ಕೆಳಗೆ ಯಾರೋ ಅಂಗೈ ಇಟ್ಟು ಹಿಡಿದಂತಿತ್ತು. ಎಲ್ಲಾದರೂ ಕಚ್ಚಲಿ ಎಂದು ಕಾದಳು. ಭಾರವನ್ನು ಈ ಕಾಲಿಗೆ ಹಾಕಿದಳು, ಆ ಕಾಲಿಗೆ ಹಾಕಿದಳು. ಕಚ್ಚಲಿಲ್ಲ. ಹುಟ್ಟಿದಾಗಿನಿಂದ ಅಷ್ಟು ಹಿತವಾದ ಏನನ್ನೂ ಅವಳು ಕಾಲಿಗೆ ಹಾಕಿರಲಿಲ್ಲ. ತಂಗಿ ನಿಜವಾಗಿಯೂ ಬುದ್ಧಿವಂತೆ. ಒಂದು ಶೂ ಕೆಟ್ಟದಾಗಿದ್ದಿದ್ದರೆ, ಇವಳಿಗಾಗಿ ನಾನು ದುಡಿದಿದ್ದು ದಂಡ ಎಂದು ಬೈದುಕೊಂಡಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆ ಸಮಾಧಾನವೂ ಸಿಗಲಿಲ್ಲ.

ಪರದೆಯ ಆಚೆ ಹೆಜ್ಜೆಗಳ ಸಪ್ಪಳ ಹತ್ತಿರ ಬಂತು. ಅಂಕ ಕೊಡುವವರು ಒಂದೊಂದು ಜೊತೆ ಕಾಲಿನ ಮುಂದೆಯೂ ನಿಲ್ಲುತ್ತ, ಕೇಳುತ್ತ ಬರುತ್ತಿದ್ದರು. ದೊಡ್ಡವಳ ಮುಂದೆ ನಿಂತರು. ಆಮೇಲೆ ತಂಗಿಯ ದನಿ ಕೇಳಿಸಿತು, ಆ ಫೋನಿನ ದನಿ.

"ಒಬ್ಬ ಹೆಂಗಸಿದ್ದಾಳೆ. ಬೆಳಗ್ಗೆ ನಿಂತ್ರೆ ಸಂಜೆ ತನಕ ಕೂರಲ್ಲ. ಮಧ್ಯಾಹ್ನದ ಮೇಲೆ ಅವಳ ಚಪ್ಪಲಿ ಅವಳ ಕಾಲಿಗೇ ಹಿಡಿಸಲ್ಲ. ಒಂದು ಕಾಲು ಸೋತ್ರೆ ಭಾರಾನ ಇನ್ನೊಂದಕ್ಕೆ ಹಾಕ್ತಾಳೆ. ಉಗುರು ಕಿತ್ತುಹೋದ ದಿನಾನೂ ಬಟ್ಟೆ ಸುತ್ಕೊಂಡು ನಿಂತಿದ್ಲು. ಅಂಥವಳಿಗಾಗಿ ಈ ಶೂ."

ಆಮೇಲೆ ಚಪ್ಪಾಳೆ. ಬೇರೆ ಯಾರ ಶೂಗೂ ಬೀಳದಂಥ ಚಪ್ಪಾಳೆ. ಬಂದವರಲ್ಲಿ ಒಬ್ಬಾಕೆ, ಆ ಹೆಂಗಸು ನಿನಗೆ ಗೊತ್ತಾ ಎಂದು ಕೇಳಿದಳು.

ದೊಡ್ಡವಳು ಪರದೆಯ ಕಡೆ ಕಿವಿಯಿಟ್ಟಳು.

"ಇಲ್ಲ ಮೇಡಂ. ಅಧ್ಯಯನಕ್ಕೆ ಅಂತ ಒಂದು ಫ್ಯಾಕ್ಟರಿಗೆ ಹೋಗಿದ್ದೆ. ಅಲ್ಲಿ ಸಿಕ್ಕಿದ್ಲು."

ಸಿಕ್ಕಿದ್ಲಂತೆ. ರಸ್ತೆಯಲ್ಲಿ ಪಿನ್ನು ಸಿಗುವ ಹಾಗೆ ಸಿಕ್ಕಿದ್ಲಂತೆ. ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವಳು.

ಸಿಟ್ಟು ಬಂತು. ಆದರೆ ಸಿಟ್ಟಿಗಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚೇ. ನಿಂತವಳು ತಾನು. ಉಗುರು ತನ್ನದು. ಅದನ್ನು ಹೇಳುವ ಬಾಯಿ ಮಾತ್ರ ತಂಗಿಯದು, ಚಪ್ಪಾಳೆಯೂ ತಂಗಿಗೇ. ಇಷ್ಟು ದಿನ ಅವಳ ಕಿಟಕಿ ಕಂಡು, ಪೆನ್ಸಿಲ್ ಕಂಡು ಉರಿದಿದ್ದಳು. ಈಗ ತನ್ನದೇ ನೋವು ಇನ್ನೊಬ್ಬಳ ಕೈಯಲ್ಲಿ ಹೊಳೆಯುವುದನ್ನು ಕಂಡು ಉರಿಯಬೇಕಾಯಿತು. ಅದನ್ನಾದರೂ ನನಗೆ ಬಿಡಬಾರದಾಗಿತ್ತೇನೇ ಎಂದು ಕೂಗಬೇಕೆನಿಸಿತು. ತುಟಿ ಕಚ್ಚಿಕೊಂಡು ನಿಂತಳು.

ಆಚೆ ಮಾತು ಮುಂದುವರಿದಿತ್ತು. ಶೂ ಕಂಪನಿಯೊಂದರ ದೊಡ್ಡ ಮನುಷ್ಯ ಬಂದಿದ್ದ. ದುಡಿಯುವ ಹೆಂಗಸಿನ ಈ ಕಥೆಯನ್ನು ಜೊತೆಗಿಟ್ಟು ಮಾರಿದರೆ ದೊಡ್ಡ ದೊಡ್ಡ ಅಂಗಡಿಗಳಲ್ಲಿ ಬಿಸಿಬಿಸಿಯಾಗಿ ಹೋಗುತ್ತದೆ ಅಂದ. ಈ ಜೋಡಿಯನ್ನು ತಮ್ಮ ಆಫೀಸಿನ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೇವೆ, ನಾಳೆಯೇ ತೆಗೆದುಕೊಂಡು ಬಾ, ಬರುವಾಗ ಕೆಲಸಕ್ಕೆ ಸೇರುವ ಯೋಚನೆ ಮಾಡಿಕೊಂಡೇ ಬಾ ಎಂದು ಹೇಳಿ ಹೊರಟುಹೋದ. ತಂಗಿ ನಕ್ಕಳು. ಆ ನಗು.

ಎಲ್ಲ ಮುಗಿದ ಮೇಲೆ ಇಬ್ಬರು ಹುಡುಗಿಯರು ಪೆಟ್ಟಿಗೆಗಳನ್ನು ಹಿಡಿದುಕೊಂಡು ಪರದೆಯ ಹಿಂದೆ ಬಂದರು. ಹೆಂಗಸರು ಒಬ್ಬೊಬ್ಬರಾಗಿ ಬಗ್ಗಿ ಶೂ ಬಿಚ್ಚಿ ಕೊಟ್ಟರು. ದೊಡ್ಡವಳು ಬಗ್ಗಲಿಲ್ಲ. ಹುಡುಗಿ ಅವಳ ಕಾಲನ್ನೇ ನೋಡುತ್ತ, ಇದನ್ನೂ ಬಿಚ್ಚಿ ಅಂದಳು.

"ಬಿಚ್ಚಲ್ಲ."

ಹುಡುಗಿ ಮೊದಲ ಸಲ ತಲೆಯೆತ್ತಿ ಮುಖ ನೋಡಿದಳು.

ದೊಡ್ಡವಳು ಪರದೆಯನ್ನು ಕೈಯಿಂದ ಸರಿಸಿ ಆಚೆಗೆ ಇಳಿದಳು. ಹಾಲ್‌ನಲ್ಲಿ ಚಹಾ ಕುಡಿಯುತ್ತ ನಿಂತವರೆಲ್ಲ ತಿರುಗಿದರು. ಅವರ ನಡುವೆ ನಡೆದಳು. ಓಡಲಿಲ್ಲ. ಈ ಶೂಗಳಲ್ಲಿ ಓಡುವ ಅಗತ್ಯವೇ ಬೀಳಲಿಲ್ಲ. ಜನ ತಾವಾಗಿಯೇ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ದೊಡ್ಡ ಬಾಗಿಲಿನಿಂದಲೇ ಹೊರಬಿದ್ದಳು. ದೊಡ್ಡ ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಹಿಂದಿನಿಂದ ಮೇಡಂ ಕೂಗಿದರು. ವಾಚ್‌ಮನ್ ಗೇಟಿಗೆ ಅಡ್ಡ ನಿಂತ.

ಮೇಡಂ ಏದುಸಿರು ಬಿಡುತ್ತ ಬಂದು, ಇದಕ್ಕೆ ಕಳ್ಳತನ ಅಂತಾರೆ, ಫ್ಯಾಕ್ಟರಿಗೆ ಫೋನ್ ಮಾಡ್ತೀನಿ ಅಂದರು. ಹಿಂದೆಯೇ ಜನ ಸೇರಿದರು. ಜನರನ್ನು ಸರಿಸಿಕೊಂಡು ಚಿಕ್ಕವಳು ಓಡಿ ಬಂದಳು. ಬಂದವಳು ಮೇಡಂ ಮುಖ ನೋಡಿದಳು, ಅಂಕ ಕೊಡುವವರ ಮುಖ ನೋಡಿದಳು, ಕೊನೆಗೆ ಶೂ ನೋಡಿದಳು. ಬೇರೆ ದಾರಿ ಇರಲಿಲ್ಲ.

"ಅಕ್ಕಾ, ಬಿಚ್ಚಿಕೊಡು. ನಿನ್ನ ಕಾಲಿಗೆ ಬೀಳ್ತೀನಿ."

ನಿನ್ನ ಅಕ್ಕನಾ ಎಂದು ಮೇಡಂ ಚಿಕ್ಕವಳನ್ನು ಕೇಳಿದರು. ಚಿಕ್ಕವಳು ನೆಲ ನೋಡುತ್ತ ನಿಂತಳು. ಅಕ್ಕ ಎಂದು ಕರೆದಳಲ್ಲ ಎಂದು ದೊಡ್ಡವಳ ಎದೆ ಒಂದು ಕ್ಷಣ ಹಗುರಾಯಿತು. ಮರುಕ್ಷಣ ಹೊಳೆಯಿತು, ಕರೆದದ್ದು ಅಕ್ಕನಿಗಾಗಿ ಅಲ್ಲ, ಶೂಗಾಗಿ.

"ಹೌದು ಮೇಡಂ, ಅಕ್ಕನೇ. ಫ್ಯಾಕ್ಟರೀಲಿ ಸಿಕ್ಕಿದವಳಲ್ಲ, ಒಂದೇ ಹೊಟ್ಟೇಲಿ ಹುಟ್ಟಿದವಳು," ಅಂದಳು ದೊಡ್ಡವಳು. "ನಿಂತು ದುಡಿಯೋಳಿಗಾಗಿ ಈ ಶೂ ಅಂತ ಅವಳೇ ಹೇಳಿದ್ಲು. ನೀವೆಲ್ಲ ಕೇಳಿಸ್ಕೊಂಡ್ರಿ, ಚಪ್ಪಾಳೆ ಹೊಡೆದ್ರಿ. ಆ ಹೆಂಗಸು ನಾನೇ. ಹಾಕ್ಕೊಂಡು ಹೋಗ್ತಾ ಇದೀನಿ."

ವಾಚ್‌ಮನ್ ಅವಳ ಕಾಲು ನೋಡಿದ. ಅವನೂ ದಿನವಿಡೀ ನಿಲ್ಲುವವನೇ. ಗೇಟನ್ನು ತೆರೆಯಲಿಲ್ಲ, ಆದರೆ ಅಡ್ಡ ನಿಂತವನು ಪಕ್ಕಕ್ಕೆ ಸರಿದ. ಅವಳೇ ತೆರೆದುಕೊಂಡು ಹೋದಳು.

ಮನೆಯಲ್ಲಿ ಅಮ್ಮ ಎದೆ ಹಿಡಿದುಕೊಂಡು ಬೈದಳು. ತಂಗಿಗೆ ಬಂದ ಕೆಲಸಕ್ಕೆ ಕಲ್ಲು ಹಾಕಿದೆಯಲ್ಲ, ಹೊಟ್ಟೆಗೆ ಏನು ತಿಂತೀಯ ಅಂದಳು. ಚಿಕ್ಕವಳು ಅತ್ತು ಅತ್ತು ಮುಖ ಊದಿಸಿಕೊಂಡು ಬಂದಳು. ಬಂದವಳೇ ಅಕ್ಕನ ಕಾಲ ಬುಡದಲ್ಲಿ ಕೂತು ಲೇಸಿಗೆ ಕೈ ಹಾಕಿದಳು. ದೊಡ್ಡವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ನಿಂಗೆ ಮೊದ್ಲಿಂದ್ಲೂ ನನ್ನ ಕಂಡ್ರೆ ಹೊಟ್ಟೆಕಿಚ್ಚು," ಅಂದಳು ಚಿಕ್ಕವಳು.

"ಹೌದು. ಹೊಟ್ಟೆಕಿಚ್ಚು ನಂದು, ನಿಜ. ಕಾಲೂ ನಂದೇ."

ಆಮೇಲೆ ಷರತ್ತು ಹೇಳಿದಳು. ನಾಳೆ ಆ ಕಂಪನಿಗೆ ಹೋಗಿ, ಆ ಹೆಂಗಸು ನನ್ನ ಅಕ್ಕ, ಅವಳ ಕಾಲು ನೋಡಿಯೇ ಇದನ್ನು ಮಾಡಿದೆ ಎಂದು ಹೇಳು. ಹೇಳಿ ಬಾ, ನಾನೇ ಬಿಚ್ಚಿ ಒರೆಸಿ ಕೊಡ್ತೀನಿ. ಚಿಕ್ಕವಳು ಆಗಲ್ಲ ಅಂದಳು. ಅಂಟಿನವಳ ತಂಗಿ ಎಂದು ಗೊತ್ತಾದರೆ ಅಲ್ಲಿ ತನ್ನನ್ನು ಯಾರೂ ಡಿಸೈನರ್ ಎಂದು ನೋಡುವುದಿಲ್ಲ ಅಂದಳು. ಕಾಲೇಜಿನಲ್ಲಿ ತಾನು ಅನುಭವಿಸಿದ್ದು ಯಾರಿಗೂ ಗೊತ್ತಿಲ್ಲ ಎಂದು ಬಿಕ್ಕಿದಳು.

"ನನ್ನ ಬಟ್ಟೆಯಿಂದ ಅಂಟಿನ ವಾಸನೆ ಬರುತ್ತೆ ಅಂತ ನನ್ನ ಪಕ್ಕದ ಸ್ಟೂಲ್ ಖಾಲಿ ಬಿಡ್ತಿದ್ರು ಅಕ್ಕ. ಮೂರು ವರ್ಷ."

ದೊಡ್ಡವಳಿಗೆ ಆ ಬಿಳಿ ಅಂಗಿ ಕಣ್ಣ ಮುಂದೆ ಬಂತು. ಮನಸ್ಸು ಕಲಕಿತು. ಕಲಕಿದರೂ ಬಾಯಿಂದ ಬಂದ ಮಾತು ಬೇರೆ.

"ಪಕ್ಕದ ಸ್ಟೂಲ್ ಖಾಲಿ ಇತ್ತು ಅಂತ ಅಳ್ತೀಯ. ನನ್ನ ಲೈನಲ್ಲಿ ಸ್ಟೂಲೇ ಇಲ್ಲ."

ಮರುದಿನ ದೊಡ್ಡವಳು ಅದೇ ಶೂ ಹಾಕಿಕೊಂಡು ಲೈನಿಗೆ ಹೋದಳು. ಕಾಲೇಜಿನಿಂದ ಆಗಲೇ ಫೋನ್ ಬಂದಿತ್ತು. ಸೂಪರ್‌ವೈಸರ್ ಕೆಂಡವಾಗಿ ಬಂದು, ಬಿಚ್ಚಿ ಇಡು ಅಂದ. ಬೆಲ್ಟಿನ ಪಕ್ಕದ ಹೆಂಗಸರೆಲ್ಲ ಬ್ರಷ್ಷು ಹಿಡಿದುಕೊಂಡೇ ಕಿವಿಗೊಟ್ಟರು.

"ನಾನು ಬಿಚ್ಚಲ್ಲ ಸಾರ್. ಯಾರಿಗೆ ಬೇಕೋ ಅವರು ಇಲ್ಲಿಗೆ ಬಂದು, ಬಗ್ಗಿ, ಅವರೇ ಬಿಚ್ಕೊಳ್ಳಲಿ."

ಯಾರೂ ಬರಲಿಲ್ಲ. ಮಧ್ಯಾಹ್ನದೊಳಗೆ ಒಂದು ತೊಟ್ಟು ಅಂಟು ಶೂವಿನ ಮೇಲೆ ಬಿದ್ದು ಗಟ್ಟಿಯಾಯಿತು. ಗಾಜಿನ ಪೆಟ್ಟಿಗೆಗೆ ಅದು ಇನ್ನು ಲಾಯಕ್ಕಿರಲಿಲ್ಲ. ಊಟದ ಬಿಡುವಿನಲ್ಲಿ ಹೆಂಗಸರು ಒಬ್ಬರಾದ ಮೇಲೊಬ್ಬರು ಅದಕ್ಕೆ ಕಾಲು ತೂರಿಸಿ ನೋಡಿದರು. ಲೈನಿನವರೆಲ್ಲ ಅಜ್ಜಿ ಎಂದು ಕರೆಯುವ ಹಿರಿಯ ಹೆಂಗಸಿಗೆ ಹಿಮ್ಮಡಿ ಒಳಗೆ ಹೋಗಲೇ ಇಲ್ಲ. ಆದರೂ ಅರ್ಧ ಕಾಲು ಇಟ್ಟುಕೊಂಡು ಕಣ್ಣು ಮುಚ್ಚಿ ನಿಂತಳು. ನಿಂತು, ನಿನ್ನ ತಂಗಿ ಕೈಯಲ್ಲಿ ಗುಣ ಇದೆ ಕಣೇ ಅಂದಳು. ಆ ಹೊಗಳಿಕೆಯೂ ದೊಡ್ಡವಳಿಗೆ ಚುಚ್ಚಿತು.

ಶಿಕ್ಷೆ ಬಂದೇ ಬಂತು. ಅವಳನ್ನು ಅಂಟಿನಿಂದ ತೆಗೆದು ಸೋಲು ಉಜ್ಜುವ ಕೋಣೆಗೆ ಹಾಕಿದರು. ಅಲ್ಲಿ ರಬ್ಬರಿನ ಕಪ್ಪು ಧೂಳು, ಉಗಿದರೆ ಉಗುಳೂ ಕಪ್ಪು. ಸ್ಯಾಂಪಲ್ ಎಂದು ಯಾರೂ ಕರೆಯಲಿಲ್ಲ. ಚಿಕ್ಕವಳು ಹೇಗೋ ಇನ್ನೊಂದು ಜೋಡಿ ಹೊಲಿದುಕೊಂಡು ಹೋಗಿ ಕಂಪನಿಗೆ ಸೇರಿದಳು. ಆಫೀಸಿನ ಹತ್ತಿರ ಬೇರೆ ಕೋಣೆ ಹಿಡಿದಳು. ಆಗಾಗ ಫೋನ್ ಮಾಡಿ ಅಮ್ಮನ ಔಷಧಿ ವಿಚಾರ ಕೇಳುತ್ತಿದ್ದಳು. ಅಕ್ಕತಂಗಿಯರ ನಡುವೆ ಉಳಿದದ್ದು ಅಷ್ಟೇ ಮಾತು. ಕಿಟಕಿಯ ಜಾಗ ದೊಡ್ಡವಳಿಗೆ ಬಂತು. ಅಲ್ಲಿ ಕೂತು ಮಾಡುವ ಕೆಲಸ ಅವಳಿಗೆ ಏನೂ ಇರಲಿಲ್ಲ. ತಂಗಿಯ ಮೇಲಿನ ಹೊಟ್ಟೆಕಿಚ್ಚು ಆರಿತೆಂದು ಹೇಳಿದರೆ ಸುಳ್ಳಾಗುತ್ತದೆ.

ಮುಂದಿನ ವರ್ಷ ಕಾಲೇಜಿನಿಂದ ಮತ್ತೆ ಕಾಲು ಬೇಕೆಂಬ ಕರೆ ಬಂತು. ಸೂಪರ್‌ವೈಸರ್ ಊಟದ ಹೊತ್ತಿನಲ್ಲಿ ಬಂದು, ಸ್ಯಾಂಪಲ್ ಕಾಲಿನವರು ಎದ್ದು ನಿಲ್ಲಿ ಅಂದ. ಉಜ್ಜುವ ಕೋಣೆಯಿಂದ ಬಂದು ಕೂತಿದ್ದ ದೊಡ್ಡವಳೂ ಅಲ್ಲಿದ್ದಳು. ಯಾರೂ ಏಳಲಿಲ್ಲ. ಅವನು ಮತ್ತೆ ಹೇಳಿದ. ಆಗ ಸ್ಯಾಂಪಲ್ ಕಾಲಿನ ಹತ್ತಿರಕ್ಕೂ ಬಾರದ ಅಜ್ಜಿ, ಊಟದ ಡಬ್ಬಿಯ ಮುಚ್ಚಳ ಹಾಕುತ್ತ ಮಾತಾಡಿದಳು.

"ಕಾಲು ಬೇಕಂದ್ರೆ ಮುಖಾನೂ ಬರುತ್ತೆ ಸಾರ್. ಎರಡನ್ನೂ ಬೇರೆ ಬೇರೆ ಕಳಿಸೋಕೆ ಬರಲ್ಲ. ಹೋಗಿ ಹೇಳಿ ಅವರಿಗೆ."

ಹೆಂಗಸರು ಕೂತಲ್ಲೇ ಕೂತಿದ್ದರು. ಸೂಪರ್‌ವೈಸರ್ ಒಬ್ಬೊಬ್ಬರ ಮುಖವನ್ನೂ ನೋಡಿ ಹೊರಟುಹೋದ. ಎಂಥ ಮಾತು. ಒಂದು ವರ್ಷದಿಂದ ತನ್ನ ಎದೆಯಲ್ಲಿ ಕೂತು ಕುದಿಯುತ್ತಿದ್ದುದು ಇದೇ ಮಾತು, ಅದು ತನ್ನ ಬಾಯಿಂದ ಬರದೆ ಈ ಮುದುಕಿಯ ಬಾಯಿಂದ ಬಂತಲ್ಲ ಎಂದು ದೊಡ್ಡವಳಿಗೆ ಹೊಟ್ಟೆ ಉರಿಯಿತು. ಉರಿದದ್ದು ತನಗೇ ತಿಳಿದು, ಅವಳು ಗಟ್ಟಿಯಾಗಿ ನಕ್ಕಳು.